ಇಂಗಾಲದ ವ್ಯಾಪಾರ: ಸಹಿ ಮಾಡುವ ಮುಂಚೆ ಮಾಡಬೇಕಾದ ಲೆಕ್ಕ

(ನವಲಗುಂದ ತಾಲೂಕಿನ ಹಳ್ಳಿಯೊಂದರಲ್ಲಿ ಕೂಡಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹೆಸರಿನ ಕಾಳು ಮನೆಗೆ ಬಂದಿದೆ. ಕಡಲೆ ಬಿತ್ತಿಗೆಗೆ ಹೊಲ ಹದ ಮಾಡುವ ದಿನಗಳಿವು. ಇಂಥ ಕೆಲಸದ ಹೊತ್ತಿನಲ್ಲಿ ನೀವು ದಣಿದು ಬಂದು ಈ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದೀರಿ. ಆದುದರಿಂದ ಸುತ್ತುಬಳಸಿ ಹೇಳದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊದಲು ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹೋದ ವರ್ಷ ಪಕ್ಕದ ಊರೊಂದರಲ್ಲಿ ನಾನು ಇದೇ ವಿಷಯವನ್ನು ಕುರಿತು ಮಾತನಾಡಿದ್ದೆ. ಆಗ ನನ್ನ ಕೈಯಲ್ಲಿ ಇದ್ದುದು ಬಣ್ಣಬಣ್ಣದ ಒಂದು ಕರಪತ್ರ ಮಾತ್ರ. ಅದನ್ನು ನಂಬಿ, “ಹೊಲದಲ್ಲಿ ಇಂಗಾಲ ಕೂಡಿಸಿರಿ, ಎಕರೆಗೆ ಸಾವಿರಾರು ರೂಪಾಯಿ ಬರುತ್ತದೆ” ಎಂದು ಹೇಳಿಬಿಟ್ಟೆ. ಹಿಂದೆ ಕುಳಿತಿದ್ದ ಅಜ್ಜ ಒಬ್ಬರು ಎದ್ದು, “ತಮ್ಮಾ, ಗಾಳಿ ಮಾರೂದು ಅಂತೀಯಲ್ಲ, ಅದನ್ನ ತೂಗಾವ್ರು ಯಾರು? ತಕ್ಕಡಿ ಯಾರ ಕೈಯಾಗ ಇರತೈತಿ?” ಎಂದು ಕೇಳಿದರು. ನಾನು ಕೃಷಿ ಡಿಪ್ಲೊಮಾ ಓದಿದವನು. ಆದರೂ ಬಾಯಿಗೆ ಉತ್ತರ ಬರಲಿಲ್ಲ. “ಅಜ್ಜಾರ, ತಿಳಕೊಂಡು ಬಂದು ಹೇಳತೀನ್ರಿ” ಎಂದು ಕೈಮುಗಿದು ಬಂದೆ.

ಈಗ ನಮ್ಮ ಭಾಗದಲ್ಲಿಯೂ ಇಂಗಾಲದ ಹಣದ ಮಾತು ಕೇಳಿಬರುತ್ತಿದೆ. ಯಾರಾದರೂ ಕಾಗದ ಹಿಡಿದು ನಿಮ್ಮ ಮನೆಯ ಬಾಗಿಲಿಗೆ ಬರುವ ಮುಂಚೆ ಆ ಅಜ್ಜನ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಕರ್ತವ್ಯ. ಆ ಸಲುವಾಗಿ ಈ ಸಂಜೆಯ ಮಾತು.

ಮಾರುವ ಸರಕು ಯಾವುದು?

ಕಲ್ಲಿದ್ದಲು, ಡೀಸೆಲ್, ಕಟ್ಟಿಗೆ ಇವುಗಳನ್ನು ಸುಟ್ಟಾಗ ಇಂಗಾಲಾಮ್ಲ ವಾಯು ಹುಟ್ಟುತ್ತದೆ. ಇದನ್ನೇ ಈಗ ಎಲ್ಲರೂ ಕಾರ್ಬನ್ ಡೈಆಕ್ಸೈಡ್ ಎನ್ನುತ್ತಾರೆ. ದೊಡ್ಡ ಕಾರಖಾನೆಗಳು ಹುಟ್ಟುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇದು ಸುಮಾರು 280 ಪಾಲು ಇತ್ತು. ಇಂದು 420 ಪಾಲನ್ನು ದಾಟಿದೆ. ಈ ವಾಯು ಭೂಮಿಯ ಕಾವನ್ನು ಹೊರಗೆ ಹೋಗಗೊಡದೆ ಕಂಬಳಿಯಂತೆ ಹೊದಿಸಿ ಹಿಡಿಯುತ್ತದೆ. ಕಾವು ಹೆಚ್ಚಿದರೆ ಮಳೆಯ ನಡೆ ಕೆಡುತ್ತದೆ. ಬರಬೇಕಾದಾಗ ಬಾರದ ಮಳೆ, ಬಂದರೆ ಒಂದೇ ದಿನ ಸುರಿದು ಬೆಳೆ ಕೊಳೆಯಿಸುವ ಮಳೆ, ಇವು ಎಂಥವೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಆದರೆ ಇದೇ ವಾಯು ಬೆಳೆಗೆ ಆಹಾರ. ಎಲೆಯು ಇದನ್ನು ಹೀರಿ ಕಾಂಡ, ಬೇರು, ಕಾಳು ಮಾಡುತ್ತದೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ. 12 ಕಿಲೋ ಇಂಗಾಲ ಹೊಲದಲ್ಲಿ ಉಳಿಯಿತೆಂದರೆ ಗಾಳಿಯಿಂದ 44 ಕಿಲೋ ಇಂಗಾಲಾಮ್ಲ ಹೊರಗೆ ಬಂದಿತೆಂದು ಲೆಕ್ಕ. ಈ 12 ಮತ್ತು 44 ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತವೆ.

ಒಂದು ಟನ್ನು ಇಂಗಾಲಾಮ್ಲಕ್ಕೆ ಒಂದು ಚೀಟಿ. ಇದನ್ನು ಕಾರ್ಬನ್ ಕ್ರೆಡಿಟ್ ಎನ್ನುತ್ತಾರೆ. ಈ ಚೀಟಿಗಳಲ್ಲಿ ಎರಡು ಜಾತಿ. ಒಂದು, ಹೊಗೆ ಹುಟ್ಟದಂತೆ ತಡೆದುದಕ್ಕೆ ಸಿಗುವ ಚೀಟಿ. ಇನ್ನೊಂದು, ಆಗಲೇ ಗಾಳಿ ಸೇರಿದ ವಾಯುವನ್ನು ಎಳೆದು ತಂದು ಮಣ್ಣಿನಲ್ಲಿಯೋ ಮರದಲ್ಲಿಯೋ ಕಟ್ಟಿಹಾಕಿದುದಕ್ಕೆ ಸಿಗುವ ಚೀಟಿ.

ಮೊದಲನೆಯ ಜಾತಿಗೆ ನಮ್ಮ ರಾಜ್ಯದಲ್ಲಿಯೇ ಹಳೆಯ ಉದಾಹರಣೆಯಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಕೂಲಿಕಾರರ ಮತ್ತು ಸಣ್ಣ ರೈತರ ಸಂಘವೊಂದಿದೆ. ಅದರ ಹೆಸರು ಬಾಗೇಪಲ್ಲಿ ಕೂಲಿ ಸಂಘ. 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟಿಸುವ ಯೋಜನೆಯನ್ನು ವಿಶ್ವಸಂಸ್ಥೆಯ ಪದ್ಧತಿಯ ಮೇರೆಗೆ 2005ರಲ್ಲಿ ನೋಂದಾಯಿಸಲಾಯಿತು. ಸೌದೆ ಉರಿಯುವುದು ತಪ್ಪಿದ ಲೆಕ್ಕಕ್ಕೆ ಚೀಟಿ ಸಿಕ್ಕಿತು. ಇಲ್ಲಿ ಗಮನಿಸಬೇಕಾದುದು ಒಂದೇ ಮಾತು: ಯೋಜನೆ ಹೊರಗಿನ ಕಂಪನಿಯ ಹೆಸರಿನಲ್ಲಿ ಇರಲಿಲ್ಲ, ಸಂಘದ ಹೆಸರಿನಲ್ಲಿಯೇ ಇತ್ತು. ಈ ಮಾತಿಗೆ ಮತ್ತೆ ಬರುತ್ತೇನೆ. ನಮಗೆ ಈಗ ಬರುತ್ತಿರುವ ಕಾಗದಗಳು ಹೆಚ್ಚಾಗಿ ಎರಡನೆಯ ಜಾತಿಯ ಚೀಟಿಗೆ ಸಂಬಂಧಪಟ್ಟವು. ಗಾಳಿಯಿಂದ ತೆಗೆದು ನೆಲದಲ್ಲಿ ಇಡುವುದು ರೈತನಿಂದಲೇ ಆಗುವ ಕೆಲಸವಾದುದರಿಂದ ನಮ್ಮ ಹೊಲಗಳ ಮೇಲೆ ಅವರ ಕಣ್ಣು ಬಿದ್ದಿದೆ.

ಕೊಳ್ಳುವವರು ಯಾರು?

1997ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ, ಅನಂತರ 2015ರಲ್ಲಿ ಪ್ಯಾರಿಸಿನಲ್ಲಿ ದೇಶದೇಶಗಳು ಕೂಡಿ ಹೊಗೆ ಕಡಿಮೆ ಮಾಡುವ ಒಪ್ಪಂದ ಮಾಡಿಕೊಂಡವು. ನಮ್ಮ ದೇಶ 2070ರ ಹೊತ್ತಿಗೆ, ಬಿಟ್ಟಷ್ಟು ಹೊಗೆಯನ್ನು ಹೀರಿಕೊಂಡು ಲೆಕ್ಕ ಸರಿಮಾಡುವುದಾಗಿ 2021ರಲ್ಲಿ ಮಾತು ಕೊಟ್ಟಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯಿದೆಗೆ ತಿದ್ದುಪಡಿಯಾಯಿತು. 2023ರ ಜೂನಿನಲ್ಲಿ ಕೇಂದ್ರ ಸರಕಾರ ಇಂಗಾಲದ ಚೀಟಿಗಳ ವ್ಯಾಪಾರದ ಯೋಜನೆಯನ್ನು ಪ್ರಕಟಿಸಿತು. ಸಿಮೆಂಟು, ಅಲ್ಯುಮಿನಿಯಂ, ಕಾಗದ ಮೊದಲಾದ ದೊಡ್ಡ ಕಾರಖಾನೆಗಳಿಗೆ ಇಂತಿಷ್ಟೇ ಹೊಗೆ ಎಂದು ಮಿತಿ ಹಾಕುವುದು ಇದರ ತಿರುಳು. ಅದೇ ವರ್ಷದ ಡಿಸೆಂಬರಿನಲ್ಲಿ, ಮಿತಿಗೆ ಒಳಪಡದ ಇತರರೂ ತಾವಾಗಿ ಚೀಟಿ ಗಳಿಸುವ ದಾರಿಯನ್ನು ಸೇರಿಸಲಾಯಿತು. 2024ರ ಜನವರಿಯಲ್ಲಿ ಕೇಂದ್ರ ಕೃಷಿ ಮಂತ್ರಾಲಯವು ಒಕ್ಕಲುತನಕ್ಕೆಂದು ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಯ ಒಂದು ಚೌಕಟ್ಟನ್ನು ಪ್ರಕಟಿಸಿತು.

‘ಸ್ವಯಂಪ್ರೇರಿತ’ ಎಂಬ ಶಬ್ದವನ್ನು ಬಿಗಿಯಾಗಿ ಹಿಡಿದುಕೊಳ್ಳಿರಿ. ಇದರಲ್ಲಿ ರೈತನಿಗೆ ಒತ್ತಾಯವಿಲ್ಲ. ಸೇರದಿದ್ದರೆ ದಂಡವಿಲ್ಲ. ಸಹಿ ಮಾಡದಿದ್ದರೆ ಬೆಳೆ ವಿಮೆ ನಿಲ್ಲುತ್ತದೆ, ಸೊಸೈಟಿಯ ಸಾಲ ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಆ ಮಾತು ಸುಳ್ಳು.

ಸರಕಾರದ ಪದ್ಧತಿಯ ಹೊರಗೆ ಖಾಸಗಿ ಕಂಪನಿಗಳೂ ತಮ್ಮ ಹೆಸರಿಗಾಗಿ ಚೀಟಿ ಕೊಳ್ಳುತ್ತವೆ. 2025ರ ಜನವರಿಯಲ್ಲಿ ಅಮೆರಿಕದ ಗೂಗಲ್ ಕಂಪನಿಯು ನಮ್ಮ ದೇಶದ ವರಾಹ ಎಂಬ ಕಂಪನಿಯಿಂದ 2030ರ ಒಳಗೆ ಒಂದು ಲಕ್ಷ ಟನ್ನಿನ ಚೀಟಿ ಕೊಳ್ಳಲು ಒಪ್ಪಿತು. ಅವು ಯಾವುದರಿಂದ ಹುಟ್ಟುವ ಚೀಟಿಗಳು ಗೊತ್ತೇ? ಗುಜರಾತಿನ ಬಯಲಿನಲ್ಲಿ ಹಬ್ಬಿದ ಬಳ್ಳಾರಿ ಜಾಲಿಯನ್ನು ಕಡಿದು ಇದ್ದಲಿ ಮಾಡಿ ಮಣ್ಣಿಗೆ ಸೇರಿಸುವುದರಿಂದ. ನಮ್ಮ ಹಳ್ಳದ ದಂಡೆಯಲ್ಲಿ, ಗಾಂವಠಾಣಾದಲ್ಲಿ ಬೇಡವೆಂದರೂ ಬೆಳೆಯುವ ಅದೇ ಜಾಲಿ. ಆದುದರಿಂದ ಈ ವ್ಯಾಪಾರ ಪೊಳ್ಳಲ್ಲ. ಹಣ ನಿಜವಾಗಿಯೂ ಓಡಾಡುತ್ತಿದೆ. ಅದು ನಮ್ಮ ಕೈಗೆ ಎಷ್ಟು ಬರುತ್ತದೆ, ಯಾವ ಕರಾರಿನ ಮೇಲೆ ಬರುತ್ತದೆ ಎಂಬುದನ್ನು ನೋಡಬೇಕು.

ನಮ್ಮ ನೆಲಕ್ಕೆ ಒಪ್ಪುವ ದಾರಿಗಳು

ಮೊದಲನೆಯ ದಾರಿ ಮಣ್ಣು. ತಿಪ್ಪೆಗೊಬ್ಬರ, ಹಸಿರೆಲೆ ಗೊಬ್ಬರ, ಬೆಳೆಯ ಕೂಳೆ, ರವದಿ ಇವು ಕೊಳೆತು ಮಣ್ಣಿನಲ್ಲಿ ಸಾವಯವ ಇಂಗಾಲವಾಗಿ ನಿಲ್ಲುತ್ತವೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ನಮ್ಮ ಎರೆಭೂಮಿ ಕಪ್ಪಾಗಿದೆ, ಆದುದರಿಂದ ಸತ್ವ ತುಂಬಿದೆ ಎಂದು ನಾವು ಭಾವಿಸುತ್ತೇವೆ. ಕಪ್ಪು ಬಣ್ಣ ಬಂದಿರುವುದು ಬಹುಮಟ್ಟಿಗೆ ಕಲ್ಲಿನ ಖನಿಜ ಮತ್ತು ಜೇಡಿಯ ಗುಣದಿಂದ, ಗೊಬ್ಬರದಿಂದ ಅಲ್ಲ. ನಿಮ್ಮ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಎಂಬ ಸಾಲನ್ನು ನೋಡಿರಿ. ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ಕೊರತೆ, 0.75ಕ್ಕಿಂತ ಮೇಲಿದ್ದರೆ ಸಮೃದ್ಧಿ. ನೋಡಲು ಕಾಡಿಗೆಯಂತಿರುವ ಹೊಲದಲ್ಲಿಯೂ ಕೊರತೆ ಕಂಡುಬರುವುದುಂಟು.

ಎರಡನೆಯ ದಾರಿ ಮರ. ಕಲಘಟಗಿ ತಾಲೂಕಿನ ಸೂರಶೆಟ್ಟಿಕೊಪ್ಪದ ಕಡೆಗೆ ಹೋದವರು ನೋಡಿರಬಹುದು. 1990ರ ದಶಕದ ಕೊನೆಯ ಹೊತ್ತಿಗೆ ಬೈಫ್ ಸಂಸ್ಥೆಯವರು ರೈತರ ಜೊತೆಗೂಡಿ ಅಲ್ಲಿ ಹೊಲಹೊಲಕ್ಕೆ ಹೊಂಡ ತೆಗೆಸಿ, ಮಾವು ಮೊದಲಾದ ಗಿಡ ಹಚ್ಚಿಸಿ, ಬದುಗಳ ಮೇಲೆ ಮೇವಿನ ಮತ್ತು ಕಟ್ಟಿಗೆಯ ಮರ ಬೆಳೆಸಿದರು. ಇನ್ನೂರು ಕಿಲೋ ಒಣ ತೂಕದ ಒಂದು ಮರದಲ್ಲಿ ಸುಮಾರು ನೂರು ಕಿಲೋ ಇಂಗಾಲ ಇರುತ್ತದೆ. 12ಕ್ಕೆ 44ರ ಲೆಕ್ಕದಲ್ಲಿ 367 ಕಿಲೋ ಇಂಗಾಲಾಮ್ಲ. ಅಂಥ ಮೂರು ಮರ ಕೂಡಿ ಒಂದು ಚೀಟಿ. ಆದರೆ ಮರ ಕಡಿದು ಒಲೆಗೆ ಇಟ್ಟರೆ ಚೀಟಿಯೂ ಹೊಗೆಯಾಯಿತು.

ಇದರಲ್ಲಿ ನಮಗೆ ನೋವಾಗುವ ನಿಯಮ ಒಂದಿದೆ. ಚೀಟಿ ಸಿಗುವುದು ಹೊಸದಾಗಿ ಮಾಡಿದ ಕೆಲಸಕ್ಕೆ ಮಾತ್ರ. ನಿಮ್ಮ ಅಪ್ಪ ನೆಟ್ಟ ಬೇವು, ಬನ್ನಿ ನಲವತ್ತು ವರ್ಷದಿಂದ ಬದುವಿನ ಮೇಲೆ ನಿಂತಿದ್ದರೆ ಅದಕ್ಕೆ ಕಾಸಿಲ್ಲ. ಮೊದಲಿನಿಂದಲೂ ಒಳ್ಳೆಯ ಒಕ್ಕಲುತನ ಮಾಡಿದವನಿಗೆ ಏನೂ ಇಲ್ಲ, ಈಗ ಸುರುಮಾಡಿದವನಿಗೆ ಹಣ. ಇದು ನ್ಯಾಯವೇ ಎಂದು ನೀವು ಕೇಳಬಹುದು. ಚೀಟಿ ಕೊಳ್ಳುವವನು ತನ್ನ ಹಣದಿಂದ ಹೊಸದಾಗಿ ಏನು ಆಯಿತು ಎಂದು ಕೇಳುತ್ತಾನೆ. ನಿಯಮ ಹುಟ್ಟಿದ್ದು ಆ ಪ್ರಶ್ನೆಯಿಂದ. ಆದರೂ ನಿಮ್ಮ ಅಸಮಾಧಾನ ಸರಿಯಾದುದೇ ಎಂದು ನಾನು ಒಪ್ಪುತ್ತೇನೆ. ಒಂದು ಎಚ್ಚರ ಮಾತ್ರ ಇರಲಿ: ಹೊಸ ಗಿಡದ ಹಣ ಬರುತ್ತದೆಂದು ಇದ್ದ ಮರ ಕಡಿಯಬೇಡಿರಿ. ಹಾಗೆ ಕಡಿದ ಜಾಗವನ್ನು ಬಹಳಷ್ಟು ಪದ್ಧತಿಗಳಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದ್ದ ನೆರಳೂ ಹೋಗುತ್ತದೆ, ಹಣವೂ ಬರುವುದಿಲ್ಲ.

ಮೂರನೆಯ ದಾರಿ ಇದ್ದಲಿ. ಬಯೋಚಾರ್ ಎಂದೂ ಹೇಳುತ್ತಾರೆ. ಕಟ್ಟಿಗೆಯನ್ನು ಗಾಳಿ ಕಡಿಮೆ ಮಾಡಿ ಸುಟ್ಟರೆ ಬೂದಿಯಾಗದೆ ಇದ್ದಲಿಯಾಗುತ್ತದೆ. ಗೊಬ್ಬರವು ಕೆಲವೇ ವರ್ಷಗಳಲ್ಲಿ ಕರಗಿಹೋಗುತ್ತದೆ. ಇದ್ದಲಿಯ ಬಹುಭಾಗ ನೂರಾರು ವರ್ಷ ಮಣ್ಣಿನಲ್ಲಿ ನಿಲ್ಲುತ್ತದೆ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ ಹಿಂದಿನ ಜನ ಇದ್ದಲಿ ಬೆರೆಸಿ ಮಾಡಿದ ಕಪ್ಪು ಮಣ್ಣು ಇಂದಿಗೂ ಇದೆ. ಆದುದರಿಂದ ಇದರ ಚೀಟಿಗೆ ಬೆಲೆ ಹೆಚ್ಚು. ಹೊರದೇಶದ ಕೊಳ್ಳುವವರು ಟನ್ನಿಗೆ ನೂರು ಡಾಲರಿಗೂ ಮೇಲೆ ಕೊಡುವುದುಂಟು. ನಮ್ಮಲ್ಲಿ ಹತ್ತಿಕಟ್ಟಿಗೆ ಇದೆ. ಎಕರೆಗೆ ಸುಮಾರು ಒಂದು ಟನ್ನು ಒಣ ಕಟ್ಟಿಗೆ ಬಂದರೆ ಕಾಲು ಟನ್ನು ಇದ್ದಲಿಯಾಗುತ್ತದೆ. ಸುಡುವಾಗಿನ ಹೊಗೆ, ಸಾಗಣೆ ಎಲ್ಲ ಕಳೆದರೆ ಅರ್ಧ ಚೀಟಿ. ಅಂದರೆ ಎರಡು ಎಕರೆಗೆ ಒಂದು ಚೀಟಿ. ಆದರೆ ನೂರು ಡಾಲರು ಕೊಳ್ಳುವವನು ಕೊಡುವ ಬೆಲೆ. ನಡುವಿನವರ ಖರ್ಚು ಕಳೆದು ರೈತನ ಕೈಗೆ ಬರುವ ಬೆಲೆ ಬೇರೆ.

ಈ ಮಾತನ್ನು ಕುಂದಗೋಳ ತಾಲೂಕಿನ ಊರೊಂದರಲ್ಲಿ ಹೇಳಿದಾಗ ತಾಯಿಯೊಬ್ಬರು, “ಕಟಿಗಿ ಎಲ್ಲಾ ಇದ್ದಲಿ ಮಾಡಿದ್ರ ಒಲಿಗೆ ಏನ್ ಹಾಕೂಣ್ರಿ?” ಎಂದು ಕೇಳಿದರು. ಗಂಡಸರು ಯಾರೂ ಕೇಳದ ಪ್ರಶ್ನೆ ಅದು. ಒಲೆಗೆ ಬೇಕಾದ ಕಟ್ಟಿಗೆಯನ್ನು ಮೊದಲು ತೆಗೆದಿಡಬೇಕು. ಹೊಲದಲ್ಲಿಯೇ ಬೆಂಕಿ ಹಚ್ಚಿ ಸುಟ್ಟುಬಿಡುತ್ತೇವಲ್ಲ, ಆ ಕಟ್ಟಿಗೆಯ ಮಾತು ಮಾತ್ರ ಇದು. ಇನ್ನೊಂದು ಎಚ್ಚರ: ಇದ್ದಲಿಗೆ ಕ್ಷಾರದ ಗುಣವಿದೆ. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳು, ಕ್ಷಾರ ಆಗಲೇ ಇವೆ. ಆದುದರಿಂದ ಇದ್ದಲಿಯ ಲಾಭ ಹುಳಿಮಣ್ಣಿನಲ್ಲಿ ಕಾಣುವಷ್ಟು ಇಲ್ಲಿ ಕಾಣದೆ ಹೋಗಬಹುದು. ಮೊದಲು ಎರಡು ಗುಂಟೆಯಲ್ಲಿ, ಇದ್ದಲಿಯನ್ನು ಗಂಜಲ ಮತ್ತು ತಿಪ್ಪೆಗೊಬ್ಬರದಲ್ಲಿ ನೆನೆಸಿ, ಹಾಕಿ ನೋಡಿರಿ. ಫಲ ಕಂಡರೆ ಮುಂದಿನ ಮಾತು.

ನಾಲ್ಕನೆಯ ದಾರಿ ಕಲ್ಲಿನ ಪುಡಿ. ಮಳೆನೀರು ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಕೂಡಿಕೊಂಡು ಕರಿಕಲ್ಲಿನ ಪುಡಿಯನ್ನು ಕರಗಿಸುತ್ತದೆ. ಆ ಇಂಗಾಲ ಹೊಳೆಯ ಮೂಲಕ ಸಮುದ್ರ ಸೇರಿ ಅಲ್ಲಿಯೇ ಉಳಿಯುತ್ತದೆ. ಈ ಕೆಲಸವನ್ನು ನಮ್ಮ ದೇಶದ ಸಣ್ಣ ರೈತರ ಹೊಲಗಳಲ್ಲಿ ಮಾಡುತ್ತಿರುವ ಮಾಟಿ ಕಾರ್ಬನ್ ಎಂಬ ಸಂಸ್ಥೆಗೆ 2025ರ ಏಪ್ರಿಲಿನಲ್ಲಿ 5 ಕೋಟಿ ಡಾಲರಿನ ಅಂತರರಾಷ್ಟ್ರೀಯ ಬಹುಮಾನ ಬಂದಿತು. ಸುದ್ದಿ ದೊಡ್ಡದೇ. ಆದರೆ ಇದಕ್ಕೆ ಮಳೆ ಹೆಚ್ಚು ಬೇಕು, ಮಣ್ಣು ತುಸು ಹುಳಿಯಾಗಿರಬೇಕು. ಕಲಘಟಗಿಯ ಪಡುವಣ ಸೆರಗಿನ ಭತ್ತದ ಕೆಂಪು ನೆಲಕ್ಕೆ ಇದು ಒಪ್ಪಬಹುದು. ನವಲಗುಂದ, ಅಣ್ಣಿಗೇರಿಯ ಸುಣ್ಣದ ಎರೆಭೂಮಿಗೆ ಅಷ್ಟಾಗಿ ಹೊಂದದು. ಕ್ರಷರಿನ ದೂಳು ಪುಕ್ಕಟೆ ಸಿಕ್ಕಿತೆಂದು ತಂದು ಹೊಲಕ್ಕೆ ಸುರಿಯಬೇಡಿರಿ. ಕೆಲವು ಕಲ್ಲುಗಳಲ್ಲಿ ಬೆಳೆಗೂ ನಮಗೂ ಕೇಡಾಗುವ ಲೋಹಗಳಿರುತ್ತವೆ.

ಒಂದು ಎಕರೆಯ ಲೆಕ್ಕ

ಈಗ ಅಜ್ಜನ ತಕ್ಕಡಿಯ ಮಾತಿಗೆ ಬರೋಣ. ಹೆಚ್ಚು ಜನ ರೈತರಿಗೆ ಎದುರಾಗುವುದು ಮಣ್ಣಿನ ಚೀಟಿ. ಅದರ ಲೆಕ್ಕ ಮಾಡೋಣ. ಬರೆಯುವ ಹುಡುಗರು ಬರೆದುಕೊಳ್ಳಿರಿ.

ಒಂದು ಎಕರೆ ಹೊಲದ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 8 ಲಕ್ಷ ಕಿಲೋ. ನೀವು ಕಷ್ಟಪಟ್ಟು ಗೊಬ್ಬರ ಹಾಕಿ, ರವದಿ ಸುಡದೆ, ಸಾವಯವ ಇಂಗಾಲವನ್ನು ಶೇಕಡಾ 0.4ರಿಂದ 0.5ಕ್ಕೆ ಏರಿಸಿದಿರಿ ಎನ್ನಿರಿ. ಏರಿದುದು ಸಾವಿರಕ್ಕೆ ಒಂದು ಪಾಲು. ಅಂದರೆ 800 ಕಿಲೋ ಇಂಗಾಲ. ಇದನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿದರೆ 2,933 ಕಿಲೋ, ಹತ್ತಿರ ಹತ್ತಿರ 2.9 ಟನ್ನು ಇಂಗಾಲಾಮ್ಲ. ಅಷ್ಟು ಏರಲು ಹತ್ತು ವರ್ಷ ಹಿಡಿಯಿತೆಂದರೆ ವರ್ಷಕ್ಕೆ 0.29 ಟನ್ನು. ಟನ್ನಿಗೆ ಒಂದು ಸಾವಿರ ರೂಪಾಯಿ ಎಂದು ಲೆಕ್ಕದ ಸಲುವಾಗಿ ಹಿಡಿಯೋಣ. ಎಕರೆಗೆ ವರ್ಷಕ್ಕೆ 290 ರೂಪಾಯಿ. ಒಂದು ಅಡಿ ಆಳದ ತನಕವೂ ಅಷ್ಟೇ ಏರಿತೆಂದು ಉದಾರವಾಗಿ ಹಿಡಿದರೂ 580 ರೂಪಾಯಿ. ಇದರಲ್ಲಿ ಮಣ್ಣು ತೆಗೆದು ಪರೀಕ್ಷೆ ಮಾಡಿಸುವ ಖರ್ಚು, ತಪಾಸಣೆಯವರ ಖರ್ಚು, ಕಂಪನಿಯ ಪಾಲು ಇನ್ನೂ ಕಳೆದಿಲ್ಲ.

2025-26ರ ಮಾರಾಟದ ಹಂಗಾಮಿಗೆ ಕಡಲೆಯ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ ಇತ್ತು. ಆ ಬೆಲೆಯಲ್ಲಿ 290 ರೂಪಾಯಿ ಎಂದರೆ ಐದು ಕಿಲೋ ಕಡಲೆ. ಒಂದು ಎಕರೆಯ ಒಂದು ವರ್ಷದ ಇಂಗಾಲದ ಹಣ ಐದು ಕಿಲೋ ಕಡಲೆಗೆ ಸಮ! ಹೋದ ವರ್ಷ ಸಾವಿರಾರು ರೂಪಾಯಿ ಎಂದು ನಾನು ಹೇಳಿದ್ದು ಈ ಲೆಕ್ಕ ಮಾಡದೆ.

ಹಾಗಾದರೆ ಈ ಕೆಲಸವೇ ಬೇಡವೇ? ಹಾಗಲ್ಲ. ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಿರಿ. ನಮ್ಮ ಹಿಂಗಾರಿ ಕಡಲೆ ಬೆಳೆಯುವುದು ನೆಲದಲ್ಲಿ ಉಳಿದ ಹಸಿಯ ಮೇಲೆ. ಸಾವಯವ ಅಂಶ ಹೆಚ್ಚಿದ ಮಣ್ಣು ಮಳೆನೀರನ್ನು ಚೆನ್ನಾಗಿ ಕುಡಿಯುತ್ತದೆ, ಮೇಲ್ಮಣ್ಣು ಕೊಚ್ಚಿಹೋಗುವುದು ಕಡಿಮೆಯಾಗುತ್ತದೆ, ಹಸಿ ಕೆಲದಿನ ಹೆಚ್ಚು ನಿಲ್ಲುತ್ತದೆ. ಹೂ ಕಾಯಿಯ ಹೊತ್ತಿನಲ್ಲಿ ಆ ಕೆಲದಿನಗಳ ಹಸಿ ಎಷ್ಟು ಬೆಲೆಯದೆಂದು ನಿಮಗೇ ಗೊತ್ತು. ಎಕರೆಗೆ ಅರ್ಧ ಕ್ವಿಂಟಲ್ ಹೆಚ್ಚು ಬಂದರೂ ಅದು ಹತ್ತು ವರ್ಷದ ಇಂಗಾಲದ ಹಣಕ್ಕೆ ಸರಿದೂಗುತ್ತದೆ. ಆದುದರಿಂದ ಮಣ್ಣು ತಿದ್ದುವುದು ಬೆಳೆಯ ಸಲುವಾಗಿ. ಚೀಟಿಯ ಹಣ ಬಂದರೆ ಅದು ಕಾಳಿನ ಮೇಲಿನ ಕೊಸರು. ಕೊಸರಿನ ಆಸೆಗೆ ರಾಶಿಯನ್ನೇ ಬರೆದುಕೊಡಬಾರದು.

ಬೆಲೆಯ ಮಾತೂ ಹೇಳಬೇಕು. ವಿಶ್ವಸಂಸ್ಥೆಯ ಪದ್ಧತಿಯ ಚೀಟಿಗಳು 2008ರಲ್ಲಿ ಟನ್ನಿಗೆ 20 ಯೂರೋ ಆಸುಪಾಸಿನಲ್ಲಿ ಮಾರಾಟವಾದವು. 2012ರ ಕೊನೆಗೆ ಒಂದು ಯೂರೋಕ್ಕಿಂತ ಕೆಳಗೆ ಬಿದ್ದವು. ಉಳ್ಳಾಗಡ್ಡಿಯ ಬೆಲೆ ಬೀಳುವುದನ್ನು ಕಂಡ ನಿಮಗೆ ಇದು ಹೊಸದಲ್ಲ. ಆದರೆ ಉಳ್ಳಾಗಡ್ಡಿ ಬೇಡವಾದರೆ ಮರುವರ್ಷ ಬೇರೆ ಬೆಳೆ ಹಾಕಬಹುದು. ಇಂಗಾಲದ ಕರಾರು ಹಾಗಲ್ಲ. ಅದು ಇಪ್ಪತ್ತು, ಮೂವತ್ತು ವರ್ಷ, ಕೆಲವೆಡೆ ಅದಕ್ಕೂ ಹೆಚ್ಚು ಕಾಲದ್ದು. ಇಂದು ನೀವು ಹಾಕಿದ ಸಹಿ ನಾಳೆ ನಿಮ್ಮ ಮಗನ ರಂಟೆಯನ್ನು ಕಟ್ಟಿಹಾಕಬಹುದು.

ಕಾಗದವನ್ನು ಓದಿಸಿರಿ

1980ರ ಜುಲೈ 21ನ್ನು ಈ ತಾಲೂಕಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಮುಟ್ಟದ ಹೊಲಗಳ ಮೇಲೂ ಬೆಟರ್‌ಮೆಂಟ್ ಲೆವಿ ಬಿದ್ದಿದೆ ಎಂಬುದು ಆಗಿನ ರೈತರ ದೂರು. ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ಆಗಿ ರೈತರ ಪ್ರಾಣ ಹೋಯಿತು. ಹಳೆಯ ಗಾಯ ಕೆದರುವುದು ನನ್ನ ಉದ್ದೇಶವಲ್ಲ. ಕಾಗದದ ಮೇಲಿನ ಹೊಲವೂ ನೆಲದ ಮೇಲಿನ ಹೊಲವೂ ಬೇರೆಬೇರೆಯಾದಾಗ ಕೊನೆಗೆ ಬೆಲೆ ತೆರುವವನು ರೈತನೇ ಎಂಬ ಪಾಠವನ್ನು ಈ ನೆಲ ಕಲಿತಿದೆ. ಅದನ್ನು ಇಲ್ಲಿಯೂ ಬಳಸಬೇಕು.

ಕೆಲವು ತಿಂಗಳ ಹಿಂದೆ ನಮ್ಮೂರ ಕಡೆಯ ದೊಡ್ಡವ್ವ ಒಬ್ಬರು ಒಂದು ಕಾಗದ ತಂದು ಓದಿಸಿದರು. ಆಗಲೇ ಹೆಬ್ಬೆಟ್ಟು ಒತ್ತಿದ್ದರು. ಹನ್ನೊಂದು ಪುಟ, ಎಲ್ಲವೂ ಇಂಗ್ಲಿಷ್. ಆ ಹೊಲದ ಇಂಗಾಲದ ಹಕ್ಕೆಲ್ಲ ಇಪ್ಪತ್ತು ವರ್ಷ ಕಂಪನಿಗೆ ಸೇರಿದ್ದು ಎಂದು ಅದರಲ್ಲಿತ್ತು. ಹಣ ಎಷ್ಟು ಎಂಬಲ್ಲಿ ‘ಮುಂದೆ ತಿಳಿಸಲಾಗುವುದು’ ಎಂದಿತ್ತು. ನೀರೊಳಗಿನ ಎಮ್ಮೆಯ ವ್ಯಾಪಾರ ಎನ್ನುತ್ತೇವಲ್ಲ, ಹಾಗೆ. ಅವರಿಗೆ ಒಂದು ಪ್ರತಿಯನ್ನಾದರೂ ಕೊಟ್ಟಿದ್ದರಲ್ಲ ಎಂಬುದೇ ಸಮಾಧಾನ. ನಾವು ಬರೆದು ಕೇಳಿ ಆ ಕರಾರನ್ನು ಬಿಡಿಸಿಕೊಂಡೆವು. ಎಲ್ಲರಿಗೂ ಅಷ್ಟು ಸುಲಭವಾಗಲಿಕ್ಕಿಲ್ಲ.

ಆದುದರಿಂದ ಸಹಿ ಮಾಡುವ ಮುಂಚೆ ಈ ಎಂಟು ಪ್ರಶ್ನೆ ಕೇಳಿರಿ. ಬಾಯಿಮಾತಿನ ಉತ್ತರ ಸಾಲದು, ಕಾಗದದಲ್ಲಿ ತೋರಿಸಿರೆನ್ನಿರಿ.

1. ಕರಾರು ಕನ್ನಡದಲ್ಲಿದೆಯೇ? ಒಂದು ಪ್ರತಿ ನನ್ನ ಹತ್ತಿರ ಉಳಿಯುತ್ತದೆಯೇ?

2. ಕರಾರು ಎಷ್ಟು ವರ್ಷ? ನಡುವೆ ಬಿಡಬೇಕೆಂದರೆ ದಂಡವಿದೆಯೇ?

3. ಚೀಟಿ ಮಾರಿದ ಹಣದಲ್ಲಿ ನೂರಕ್ಕೆ ಎಷ್ಟು ನನ್ನದು? ಖರ್ಚು ಕಳೆಯುವ ಮುಂಚಿನ ಪಾಲೋ, ಕಳೆದ ಮೇಲಿನ ಪಾಲೋ?

4. ಅಳತೆ ಯಾರು ಮಾಡುತ್ತಾರೆ? ಮೊದಲ ವರ್ಷದ ಮಣ್ಣಿನ ಪರೀಕ್ಷೆಯ ಅಂಕಿ ನನ್ನ ಕೈಗೆ ಕೊಡುತ್ತಾರೆಯೇ? ಮೊದಲ ಅಂಕಿ ಇಲ್ಲದಿದ್ದರೆ ಎಷ್ಟು ಏರಿತು ಎಂಬುದಕ್ಕೆ ಸಾಕ್ಷಿಯಿಲ್ಲ.

5. ಹಣ ಯಾವಾಗ ಬರುತ್ತದೆ? ಅಳತೆ, ತಪಾಸಣೆ, ಮಾರಾಟ ಎಲ್ಲ ಮುಗಿಯಲು ವರ್ಷಗಳೇ ಹಿಡಿಯುವುದುಂಟು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು. ಈ ಹಣವನ್ನು ನೆನೆದು ಸಾಲ ಮಾಡಬಾರದು.

6. ಬರ ಬಿದ್ದು, ಅಥವಾ ನೆರೆ ಬಂದು ಮಣ್ಣು ಹೋಗಿ ಇಂಗಾಲ ಕಡಿಮೆಯಾದರೆ ಹೊಣೆ ಯಾರದು? ಕೊಟ್ಟ ಹಣ ಮರಳಿ ಕೇಳುತ್ತಾರೆಯೇ?

7. ಉತಾರದಲ್ಲಿ ಹೆಸರು ಒಬ್ಬರದು, ದುಡಿಯುವವರು ಇನ್ನೊಬ್ಬರು ಇದ್ದರೆ ಹಣ ಯಾರಿಗೆ? ಲಾವಣಿ ಹಿಡಿದವರೂ ಮನೆಯ ಹೆಣ್ಣುಮಕ್ಕಳೂ ಈ ಪ್ರಶ್ನೆಯನ್ನು ಬಿಡಬಾರದು.

8. ಇದೇ ಹೊಲವನ್ನು ಇನ್ನೊಂದು ಕಂಪನಿಯ ಪಟ್ಟಿಯಲ್ಲಿ ಯಾರಾದರೂ ಬರೆದಿದ್ದಾರೆಯೇ? ಒಂದು ಹೊಲದ ಇಂಗಾಲವನ್ನು ಎರಡು ಸಲ ಮಾರಬಾರದು.

ಈ ಎಂಟಕ್ಕೂ ನೆಟ್ಟಗೆ ಉತ್ತರ ಕೊಡುವವರು ಒಳ್ಳೆಯವರು. ಅವರೊಡನೆ ವಿಚಾರ ಮಾಡಬಹುದು. ಅವಸರ ಮಾಡುವವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳುಹಿಸಿರಿ.

ಒಬ್ಬೊಬ್ಬರೇ ಹೋಗಬೇಡಿರಿ

ಮೂರು ಎಕರೆಯ ರೈತ ಒಬ್ಬನೇ ಈ ಪೇಟೆಗೆ ಹೋದರೆ ಅವನ ಮಾತು ನಡೆಯುವುದಿಲ್ಲ. ಅಳತೆಯ ಖರ್ಚೇ ಅವನ ಹಣವನ್ನು ನುಂಗುತ್ತದೆ. ಊರಿಗೆ ಊರೇ ಕೂಡಿ ಸಾವಿರ ಎಕರೆಯಾದರೆ ಖರ್ಚು ಹಂಚಿಹೋಗುತ್ತದೆ, ಕರಾರು ತಿದ್ದಿರೆಂದು ಹೇಳುವ ಶಕ್ತಿಯೂ ಬರುತ್ತದೆ. ಬಾಗೇಪಲ್ಲಿಯ ಮಾತಿಗೆ ಮತ್ತೆ ಬರುತ್ತೇನೆ ಎಂದಿದ್ದೆ. ಕೂಲಿಕಾರರು ಸಂಘ ಕಟ್ಟಿ ತಮ್ಮ ಸಂಘದ ಹೆಸರಿನಲ್ಲಿಯೇ ಆ ವ್ಯವಹಾರ ನಡೆಸಿದರು. ಬೆಲೆ ಬಿದ್ದಾಗಲೂ ಗೋಬರ್ ಗ್ಯಾಸಿನ ಒಲೆಗಳು ಅವರ ಮನೆಯಲ್ಲಿಯೇ ಉಳಿದವು.

ನಮಗೆ ಅಷ್ಟು ದೂರದ ಉದಾಹರಣೆಯೂ ಬೇಡ. ದೇಶದಲ್ಲಿ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ, ಆಗ ನಮ್ಮ ಧಾರವಾಡ ಜಿಲ್ಲೆಯಲ್ಲಿಯೇ ಇದ್ದ, ಈಗ ಗದಗ ಜಿಲ್ಲೆಗೆ ಸೇರಿದ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಅದನ್ನು ಕಟ್ಟಿದರು. ಅಂದು ಬಡ್ಡಿಯ ತಕ್ಕಡಿ ಸಾವುಕಾರನ ಕೈಯಲ್ಲಿತ್ತು. ಸಂಘ ಕಟ್ಟಿದವರು ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ಇಂಗಾಲದ ತಕ್ಕಡಿಗೂ ಅದೇ ಉಪಾಯ. ನಿಮ್ಮ ಸಹಕಾರಿ ಸಂಘದಲ್ಲಿಯೋ ರೈತ ಉತ್ಪಾದಕರ ಕಂಪನಿಯಲ್ಲಿಯೋ ಈ ವಿಷಯವನ್ನು ಸಭೆಗೆ ಇಡಿರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪಂಡಿತರನ್ನು ಕರೆಸಿ ಕೇಳಿರಿ. ಕರಾರಿಗೆ ವಕೀಲರ ಸಲಹೆ ತೆಗೆದುಕೊಳ್ಳಿರಿ.

ನಾಳೆಯಿಂದ ಮಾಡಬೇಕಾದುದು

ಚೀಟಿ ಬರಲಿ ಬಿಡಲಿ, ಈ ಕೆಲಸಗಳಿಗೆ ಯಾರ ಸಹಿಯೂ ಬೇಡ. ಮಣ್ಣಿನ ಪರೀಕ್ಷೆ ಮಾಡಿಸಿ ಸಾವಯವ ಇಂಗಾಲದ ಅಂಕಿಯನ್ನು ಬರೆದಿಡಿರಿ. ಮುಂದೊಮ್ಮೆ ವ್ಯಾಪಾರಕ್ಕೆ ಇಳಿದರೆ ಅದೇ ನಿಮ್ಮ ಸಾಕ್ಷಿ. ರವದಿಗೆ, ಕೂಳೆಗೆ ಬೆಂಕಿ ಹಚ್ಚಬೇಡಿರಿ. ತಿಪ್ಪೆಯನ್ನು ಬಿಸಿಲಿಗೆ ಹರವದೆ ಗುಂಡಿಯಲ್ಲಿ ಮುಚ್ಚಿ ಕೊಳೆಯಿಸಿರಿ. ಒಡೆದ ಒಡ್ಡುಗಳನ್ನು ಕಟ್ಟಿರಿ. ಕೊಚ್ಚಿಹೋದ ಮೇಲ್ಮಣ್ಣಿನೊಡನೆ ಇಂಗಾಲವೂ ಹೋಗುತ್ತದೆ. ಬದುವಿನ ಮೇಲೆ ಮನೆಗೆ ನಾಲ್ಕು ಗಿಡ ಹಚ್ಚಿರಿ.

ಆ ಅಜ್ಜನ ಊರಿಗೆ ನಾನು ಮೊನ್ನೆ ಹೋಗಿ ಈ ಲೆಕ್ಕವನ್ನೆಲ್ಲ ಹೇಳಿ ಬಂದೆ. ಐದು ಕಿಲೋ ಕಡಲೆಯ ಮಾತು ಕೇಳಿ ನಕ್ಕರು. “ಕೊಸರ ಇರಲಿ ತಮ್ಮಾ, ರಾಶಿ ನಮ್ಮ ಕಣದಾಗ ಇದ್ರ ಸಾಕು. ಆದ್ರ ತಕ್ಕಡಿ ನೋಡೂದು ಬಿಡಬ್ಯಾಡ” ಎಂದರು. ನಾನು ಹೇಳಬೇಕಾದುದೂ ಅಷ್ಟೇ. ಇಂಥ ಕಾಗದ ಯಾರ ಮನೆಗೆ ಬಂದರೂ ಸಹಿ ಮಾಡುವ ಮುಂಚೆ ನನ್ನ ಹತ್ತಿರ ತನ್ನಿರಿ, ಕೂಡಿಯೇ ಓದೋಣ.